ಒಳಗೆ ಬಿಟ್ಟ ನಳಿಕೆ

ನಮ್ಮ ಬಸ್ಸಿನ ಕಂಡಕ್ಟರ್ ಅಕ್ಕನ ತುಟಿಗಳು ಮಳೆಗಾಲದಲ್ಲೂ ಒಡೆದಿರುತ್ತಿದ್ದವು. ಬಿಳಿ ಸಿಪ್ಪೆ ಎದ್ದ ಆ ತುಟಿಗಳನ್ನು ನಾಲಿಗೆಯಿಂದ ಸವರಿಕೊಂಡೇ ಅವರು ಊರಿನ ಹೆಸರು ಕೂಗುತ್ತಿದ್ದರು. ಹಗರಿಬೊಮ್ಮನಹಳ್ಳಿಯಿಂದ ಹಡಗಲಿ, ಅಲ್ಲಿಂದ ಮಾಗಳ. ಮಾಗಳದಲ್ಲಿ ಪಾಠ ಹೇಳುವ ನಾನು ಅವರ ದಿನದ ಪ್ರಯಾಣಿಕಳು. ನೀರಿನ ಬಾಟಲಿ ಚಾಚಿದರೆ ಕೈ ಅಡ್ಡ ಹಿಡಿಯುತ್ತಿದ್ದರು.

"ಬ್ಯಾಡ್ರಿ ಟೀಚರ್. ಕುಡದ್ರ ಎಲ್ಲಿಗೆ ಹೋಗ್ಲಿ? ಡ್ರೈವರಣ್ಣ ಗಾಡಿ ನಿಲ್ಲಿಸಿ ಗಿಡದ ಮರೆಗೆ ಹೋಗ್ತಾನ. ನಾ ಹೋಗಾಕ ಬರ್ತೈತೇನು?"

ಹೆಣ್ಣುಮಕ್ಕಳ ಸೀಟಿಗೆ ಆತುಕೊಂಡು ನಿಲ್ಲುವ ಗಂಡಸರನ್ನು ನಡುದಾರಿಯಲ್ಲಿ ಇಳಿಸಲು ಹಿಂಜರಿಯದ ಹೆಂಗಸು, ತನಗೊಂದು ಶೌಚಾಲಯ ಬೇಕೆಂದು ಕೇಳಿ ಕೇಳಿ ಸೋತಿದ್ದರು. ಕೇಳಿದಾಗಲೆಲ್ಲ ಮೇಲಿನವರು ನಕ್ಕು ಮಾತು ಬದಲಿಸುತ್ತಿದ್ದರಂತೆ.

ಒಂದು ಬೇಸಿಗೆಯಲ್ಲಿ, ಟಿಕೆಟ್ ಕೊಡುತ್ತಿದ್ದವರು ಪಕ್ಕೆ ಹಿಡಿದುಕೊಂಡು ನನ್ನ ಸೀಟಿನ ಬಳಿ ಕುಸಿದರು. ಮೂತ್ರಪಿಂಡದಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ದೊಡ್ಡ ಊರಿನ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಇಳಿಸಿ, ಲೇಸರಿನಿಂದ ಕಲ್ಲು ಪುಡಿ ಮಾಡಿ ತೆಗೆದರು. ಕೆಲವೇ ದಿನಗಳಲ್ಲಿ ಅಕ್ಕ ಮತ್ತೆ ಕೆಲಸಕ್ಕೆ ಬಂದರು.

ಆದರೆ ಉರಿ ಹೋಗಲಿಲ್ಲ. ಆಗಾಗ ಮೂತ್ರದಲ್ಲಿ ರಕ್ತ. ಊರಿನ ಡಾಕ್ಟರು ಗುಳಿಗೆ ಬದಲಿಸಿದರು. ನೆಂಟರು ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂದರು. ವರ್ಷ ಕಳೆದು ಚಳಿಜ್ವರ ಬಂದಾಗ ಬೇರೆಡೆ ಸ್ಕ್ಯಾನ್ ಮಾಡಿಸಿದರು. ಕಲ್ಲು ತೆಗೆದ ಮೇಲೆ ಮೂತ್ರ ಸರಾಗ ಇಳಿಯಲೆಂದು ಇಟ್ಟ ಸ್ಟೆಂಟ್ ಎಂಬ ತೆಳು ನಳಿಕೆ ಇನ್ನೂ ಒಳಗೇ ಇತ್ತು. ಕೆಲವು ವಾರಗಳಲ್ಲಿ ತೆಗೆಯಬೇಕಾದದ್ದು. ಅದರ ಸುತ್ತ ಹೊಸ ಕಲ್ಲು ಕಟ್ಟಿಕೊಂಡಿತ್ತು. ಆ ಕಡೆಯ ಮೂತ್ರಪಿಂಡ ಪೂರ್ತಿ ಕೆಟ್ಟಿತ್ತು. ಕೊನೆಗೆ ಅದನ್ನೇ ತೆಗೆದು ಹಾಕಿದರು.

ಗಾಯ ಮಾಗಿದ ಮೇಲೆ ಅಕ್ಕ ನನ್ನನ್ನು ಕರೆದುಕೊಂಡು ಕಲ್ಲು ತೆಗೆದಿದ್ದ ನರ್ಸಿಂಗ್ ಹೋಮಿನ ಡಾಕ್ಟರ ಬಳಿ ಹೋದರು. ಡಾಕ್ಟರು ಕೂತಲ್ಲಿಂದ ಏಳಲಿಲ್ಲ.

"ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದೆವಲ್ಲಮ್ಮ."

"ಇಂಗ್ಲಿಷಿನಾಗ ಬರದ್ರಿ. ಬಾಯಿಲೆ ಯಾಕ ಹೇಳಲಿಲ್ಲ?"

"ಎಲ್ಲರಿಗೂ ಹೇಳ್ತಾ ಕೂರೋಕಾಗುತ್ತಾ?"

"ನಾ ಹೇಳ್ತೀನ್ರಿ," ಎಂದರು ಅಕ್ಕ. ದನಿ ಏರಲಿಲ್ಲ. "ಊರು ಬಂತು ಇಳೀರಿ ಅಂತ ದಿನಾ ಅಷ್ಟೂ ಮಂದಿಗೆ ಹೇಳ್ತೀನಿ. ಮಲಗಿದವ್ರನ್ನ ಎಬ್ಬಿಸಿ ಹೇಳ್ತೀನಿ. ಟಿಕೆಟಿನ ಮ್ಯಾಲೆ ಬರದೈತಿ ಅಂತ ಸುಮ್ನ ಕುಂದ್ರಂಗಿಲ್ಲ."

ಡಾಕ್ಟರು ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದರು. ಒಂದು "ತಪ್ಪಾಯಿತು" ಕೂಡ ಬರಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಮೇಲೆ ಅಕ್ಕ ಆಸ್ಪತ್ರೆಯಿಂದ ಮರಳುವ ಯಾರನ್ನೂ ಸುಮ್ಮನೆ ಬಿಡಲಿಲ್ಲ. ಪ್ರಾಸ್ಟೇಟ್ ಆಪರೇಷನ್ ಆದ ಮುದುಕರಿರಲಿ, ಕಲ್ಲು ತೆಗೆಸಿಕೊಂಡವರಿರಲಿ, ಒಂದೇ ಪ್ರಶ್ನೆ: "ಒಳಗ ಏನರ ಬಿಟ್ಟಾರೇನು? ಯಾವಾಗ ತೆಗಿತಾರ? ಕೇಳ್ಕಂಡು ಬರ್ರಿ." ಕೆಲವರು ನಾಚಿದರು, ಕೆಲವರು ಬೈದರು. ನನ್ನ ಅಪ್ಪನಿಗೂ ಕಲ್ಲಿನ ಶಸ್ತ್ರಚಿಕಿತ್ಸೆ ಆದಾಗ ಅವರು ಫೋನ್ ಮಾಡಿ ಅದನ್ನೇ ಕೇಳಿದರು. ನಾನು ವಾರ್ಡಿನಲ್ಲಿ ಡಾಕ್ಟರನ್ನು ತಡೆದು ವಿಚಾರಿಸಿದೆ. ನಳಿಕೆ ಇತ್ತು. ಯಾರೂ ನಮಗೆ ಹೇಳಿರಲಿಲ್ಲ. ಮುಂದಿನ ತಿಂಗಳು ಕರೆದೊಯ್ದು ತೆಗೆಸಿದೆ.

ಅಕ್ಕನ ಉಳಿದ ಮೂತ್ರಪಿಂಡಕ್ಕೂ ಸೋಂಕು ಹತ್ತಿತು. ಹೋದ ವರ್ಷ ತೀರಿಕೊಂಡರು. ಅವರ ಮನೆಯಂಗಳದಲ್ಲಿ ಯಾರೋ ಹಿರಿಯರು ನಿಟ್ಟುಸಿರಿಟ್ಟು, "ಆಕಿ ಹಣೆಬರಹ ಅಷ್ಟ ಇತ್ತು" ಎಂದರು. ನಾನು ಬಾಯಿ ತೆರೆಯುವ ಮೊದಲೇ, ನನ್ನ ಪಕ್ಕದಲ್ಲಿದ್ದ ಅಪ್ಪ ತಲೆ ಎತ್ತಿದರು.

"ಹಣೆಬರಹ ಅಲ್ರಿ ಅದು. ಯಾರೂ ಒಂದು ಮಾತು ಹೇಳಲಿಲ್ಲ ಆಕಿಗೆ, ಅಷ್ಟ. ನನಗ ಹೇಳಾಕ ಆಕಿ ಇದ್ಲು."