ಕೆಂದಿಯ ಚಿತ್ರವಿದ್ದ ಕವರು

ಮೊನ್ನೆ ನಮ್ಮ ಕಂಪನಿಯ ಮೀಟಿಂಗಿಗೆ ಅಡಿಕೆ ಹಾಳೆಯ ಡಬ್ಬಿಗಳ ಸ್ಯಾಂಪಲ್ ಬಂದಿತ್ತು. ಒಂದರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ನೆನೆದು ಒಣಗಿದ ಹಾಳೆಯ ವಾಸನೆ... ಸ್ವಲ್ಪ ಹುಲ್ಲಿನದು, ಸ್ವಲ್ಪ ಕೊಟ್ಟಿಗೆಯದು. ಪಕ್ಕದಲ್ಲಿ ಕೂತಿದ್ದ ಅಕೌಂಟ್ಸ್‌ನವರು, "ಏನ್ ಮೇಡಂ, ಖಾಲಿ ಡಬ್ಬೀನೇ ತಿಂದ್ಬಿಡ್ತೀರಾ ಹೆಂಗೆ?" ಎಂದು ನಕ್ಕರು. ನಾನೂ ನಗಬೇಕಿತ್ತು. ನೀರು ಕುಡಿಯುವ ನೆಪ ಮಾಡಿ ಹೊರಗೆ ಎದ್ದು ಹೋದೆ.

ನಮ್ಮದು ಕಡೂರು ಬೀರೂರು ನಡುವಿನ ರಸ್ತೆ ಬದಿಯಲ್ಲಿರುವ ಕುರುಕಲು ತಿಂಡಿಯ ಕಂಪನಿ. ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಿಂದ ಬಿಡಿಸಿ ಬೇರೆ ಯಾವುದಕ್ಕಾದರೂ ತುಂಬಬೇಕು ಎನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ನನಗೆ ಮಾತ್ರ ಆ ಮಾತು ಮೀಟಿಂಗಿನಲ್ಲಿ ಹುಟ್ಟಿದ್ದಲ್ಲ. ಎದುರುಮನೆ ದೊಡ್ಡಮ್ಮನ ಜಗಲಿಯ ಮೇಲೆ ಹುಟ್ಟಿದ್ದು.

ಅವರು ನಮಗೆ ನೆಂಟರೇನಲ್ಲ. ಬೀರೂರಿನಲ್ಲಿ ರೈಲ್ವೆ ಗೇಟಿನ ಹತ್ತಿರ ನಮ್ಮ ಮನೆ, ಎದುರಿಗೆ ಅವರದು. ಗಂಡ ರೈಲ್ವೆ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರಿಗಿದ್ದದ್ದು ಒಂದು ಹಸು, ಒಂದು ಬಾಣಲೆ, ಮತ್ತು ಇಡೀ ಬೀದಿಯ ಮೇಲೆ ಅಧಿಕಾರ. ಯಾರ ಮನೆಯ ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಯಾರ ಮನೆಯ ಸಾರಿಗೆ ಹುಳಿ ಹೆಚ್ಚಾಯಿತು ಎಲ್ಲವೂ ಅವರಿಗೆ ಬೇಕು. ನಮ್ಮಮ್ಮ ಅವರ ಬಾಯಿಗೆ ಹೆದರುತ್ತಿದ್ದಳು. ಜ್ವರ ಬಂದರೆ ಮಾತ್ರ ಮೊದಲು ಕೂಗುತ್ತಿದ್ದುದು ಅವರನ್ನೇ.

ಹಸುವಿನ ಹೆಸರು ಕೆಂದಿ. ಕೆಂಪು ಮೈ, ಹಣೆಯಲ್ಲಿ ಒಂದು ಬಿಳಿ ಮಚ್ಚೆ. ಅದರ ಬೆಣ್ಣೆ ಹಾಕಿ ಕಲಸಿದ ಹಿಟ್ಟಿನಲ್ಲಿ ದೊಡ್ಡಮ್ಮ ಕೋಡುಬಳೆ ಹೊಸೆಯುತ್ತಿದ್ದರು. ಬೀರೂರು ಸ್ಟೇಷನ್ನಿನ ಅಂಗಡಿಗೆ, ತರೀಕೆರೆ ಬಸ್‌ಸ್ಟ್ಯಾಂಡಿನ ಬೇಕರಿಗಳಿಗೆ, ರೈಲಿನಲ್ಲಿ ಅಜ್ಜಂಪುರಕ್ಕೆ ತಗಡಿನ ಡಬ್ಬಗಳಲ್ಲಿ ಹೋಗುತ್ತಿತ್ತು. ಖಾಲಿಯಾದ ಡಬ್ಬ ಮತ್ತೆ ಮನೆಗೆ ಬರುತ್ತಿತ್ತು. ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ತರೀಕೆರೆ ಕಡೆಯ ಅಂಗಡಿಗಳಿಗೆ ತಿಂಡಿ ಹಾಕುವ ಏಜೆಂಟ್ ಒಬ್ಬ ಬಂದು ಜಗಲಿಯ ಮೇಲೆ ಕೂತ.

"ಡಬ್ಬದ ಕಾಲ ಮುಗೀತು ಕಣಮ್ಮೋ. ಕವರ್ ಮಾಡ್ಸಿ. ತಿಂಗ್ಳಾದ್ರೂ ಗರಿಗರಿ ಇರ್ತದೆ. ಮೇಲ್ಗಡೆ ನಿಮ್ದೊಂದು ಫೋಟೋ ಹಾಕ್ಸಿ."

"ನನ್ ಮಕ ನೋಡಿ ಯಾರಪ್ಪ ತಗೊಂತಾರೆ? ಬೆಣ್ಣೆ ಕೊಡೋಳು ಅವಳು. ಅವಳ್ದೇ ಹಾಕ್ಸು," ಎಂದರು ದೊಡ್ಡಮ್ಮ.

ಹಾಗೆ ಕವರಿನ ಮೇಲೆ ಕೆಂಪು ಬಣ್ಣದಲ್ಲಿ ಕೆಂದಿಯ ಮುಖ ಬಂತು, ಕೊರಳಲ್ಲಿ ಗಂಟೆಯ ಸಮೇತ. ಆಗ ನಾನು ಕಡೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಸಂಜೆ ಬಂದು ಕವರಿನ ಬಾಯಿಗೆ ಬಿಸಿ ಒತ್ತಿ ಸೀಲ್ ಮಾಡುವುದು ನನ್ನ ಕೆಲಸ. ದೊಡ್ಡಮ್ಮ ಮೊದಲ ಕವರನ್ನು ಕೊಟ್ಟಿಗೆಗೆ ಒಯ್ದು ಹಸುವಿಗೇ ತೋರಿಸಿದರು. "ನೋಡೇ, ಊರೂರು ತಿರುಗ್ತೀಯ ಇನ್ಮೇಲೆ." ಕೆಂದಿ ಅದನ್ನು ನೆಕ್ಕಲು ನಾಲಿಗೆ ಚಾಚಿತು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅಯ್ಯೋ, ಎಷ್ಟು ನಕ್ಕೆವು...

ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿತ್ತು. ದೊಡ್ಡಮ್ಮನ ಮನೆಯ ಮುಂದೆ ಕಲಗಚ್ಚಿನ ಬಕೆಟ್ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವನ್ನೂ ಪ್ರತಿ ಮನೆಯವರು ತಂದು ಅದಕ್ಕೇ ಹಾಕಬೇಕು. ಹಸುವಿನ ಪಾಲನ್ನು ಚರಂಡಿಗೆ ಚೆಲ್ಲಿದರೆ ದೊಡ್ಡಮ್ಮ ಬಿಡುತ್ತಿರಲಿಲ್ಲ. ಕವರುಗಳು ಮನೆ ಮನೆಗೆ ಬಂದ ಮೇಲೆ ಜನಕ್ಕೆ ಒಂದು ಸುಲಭದ ದಾರಿ ಹೊಳೆಯಿತು. ಮಿಕ್ಕಿದ್ದನ್ನು ತಿಂಡಿಯ ಖಾಲಿ ಕವರಿಗೆ ತುಂಬಿ, ಗಂಟು ಹಾಕಿ, ಹಾಗೇ ಬಕೆಟ್ಟಿಗೆ ಇಳಿಸುತ್ತಿದ್ದರು. ಕೈ ಗಲೀಜಾಗುವುದಿಲ್ಲ, ಪುಣ್ಯವೂ ಬರುತ್ತದೆ. ದೊಡ್ಡಮ್ಮ ಬೈದುಕೊಂಡೇ ಗಂಟು ಬಿಚ್ಚಿ ಸುರಿಯುತ್ತಿದ್ದರು. ಆದರೆ ಅವರು ಬಾಣಲೆಯ ಮುಂದೆ ಕೂತಿದ್ದಾಗ, ಅಜ್ಜಂಪುರದ ರೈಲಿನಲ್ಲಿದ್ದಾಗ ಬಿಚ್ಚುವವರು ಯಾರು? ಕೆಂದಿಗೆ ಅನ್ನದ ವಾಸನೆ ಗೊತ್ತಿತ್ತು, ಗಂಟು ಬಿಚ್ಚುವುದು ಗೊತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹಸು ಮೇವು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಹೊಟ್ಟೆ ಊದಿಕೊಂಡು ಎಡ ಪಕ್ಕೆ ಬಿಗಿದು ನಿಂತಿತು. ಮೊದಲು ದೃಷ್ಟಿ ತೆಗೆದರು, ಓಮದ ನೀರು ಕುಡಿಸಿದರು. ಆಮೇಲೆ ಪಶು ಡಾಕ್ಟರು ಬಂದು ಪಕ್ಕೆ ಒತ್ತಿ ನೋಡಿ, ಹೊಟ್ಟೆ ಕೊಯ್ದು ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಹಿತ್ತಲಿನಲ್ಲಿ ತೆಂಗಿನ ಮರಕ್ಕೆ ಕೆಂದಿಯನ್ನು ಕಟ್ಟಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಸು ನಿಂತಿರುವಾಗಲೇ ಕೊಯ್ದರು. ದೊಡ್ಡಮ್ಮ ಅದರ ಮುಖವನ್ನು ತಬ್ಬಿ ಹಿಡಿದುಕೊಂಡು, "ಆಯ್ತು ಕಣವ್ವ, ಆಯ್ತು ಕಣವ್ವ," ಎನ್ನುತ್ತಲೇ ಇದ್ದರು.

ಡಾಕ್ಟರು ತೋಳು ಒಳಗಿಳಿಸಿ ಎಳೆದದ್ದು ಮುಗಿಯಲೇ ಇಲ್ಲ. ಕವರು, ಹಗ್ಗ, ಮತ್ತೆ ಕವರು... ಹೆಣೆದುಕೊಂಡು ಹಾಸಿಗೆಯ ಸುರುಳಿಯಂತಾಗಿದ್ದ ಮುದ್ದೆ. ಅದನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಹೊಲಿಗೆ ಹಾಕಿ ಡಾಕ್ಟರು ಹೋದ ಮೇಲೆ ನಲ್ಲಿಯ ಸದ್ದು ಕೇಳಿತು. ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ಆ ಮುದ್ದೆಯಿಂದ ಒಂದೊಂದೇ ಕವರು ಬಿಡಿಸಿ ತೊಳೆಯುತ್ತಿದ್ದರು. ಬೇರೆಯವರ ಕವರುಗಳೂ ಇದ್ದವು. ಅವರ ಕೈಯಲ್ಲಿದ್ದದ್ದು ಮಾತ್ರ ಅವರದೇ. ಬಣ್ಣ ಮಾಸಿತ್ತು, ಹಣೆಯ ಮಚ್ಚೆ, ಕೊರಳ ಗಂಟೆ ಇನ್ನೂ ಕಾಣುತ್ತಿದ್ದವು.

"ಕೆಂದೀನೇ ಕಣೇ ಇದು," ಎಂದರು. "ಅವಳ ಹೊಟ್ಟೇಗೆ ಅವಳ್ನೇ ಹಾಕ್ಬಿಟ್ನಲ್ಲೇ."

ಕೆಂದಿ ಉಳಿಯಲಿಲ್ಲ. ಹಸು ಹೋದ ಮನೆಯಲ್ಲಿ ಇನ್ನೊಂದನ್ನು ಬೇಗ ತಂದು ಕಟ್ಟುತ್ತಾರೆ, ಕೊಟ್ಟಿಗೆ ಖಾಲಿ ಬಿಡಬಾರದು ಎಂದು. ದೊಡ್ಡಮ್ಮ ತರಲಿಲ್ಲ. "ಈ ಬೀದೀಲಿ ಕವರ್ ಬೀಳಾದು ನಿಲ್ಲೋಗಂಟ ನಾನಿನ್ನೊಂದು ಹಸ ಕಟ್ಟಲ್ಲ. ಕಟ್ಟಿ ಸಾಯ್ಸಾಕಾ?" ಎಂದರು. ಆದರೆ ದಿನಾ ಬೆಳಿಗ್ಗೆ ಎದ್ದು ಆ ಖಾಲಿ ಕೊಟ್ಟಿಗೆಯನ್ನು ಗುಡಿಸುತ್ತಿದ್ದರು. ಹಸು ಬೇಡ ಎಂದವರು ಹಾಗೆ ಗುಡಿಸುವುದಿಲ್ಲ. ಅವರ ಆಸೆ ಏನು ಎನ್ನುವುದು ನನಗೆ ಆಗಲೇ ಗೊತ್ತಾಗಿತ್ತು.

ಮೊದಲು ತಮ್ಮ ಕವರು ನಿಲ್ಲಿಸಿದರು. ಉಳಿದ ಕವರಿನ ಸುರುಳಿಗಳನ್ನು ಅಟ್ಟಕ್ಕೆ ಹಾಕಿದರು. ಏಜೆಂಟ್ ಬಂದು ಕೂಗಾಡಿ ಹೋದ. ಕಾಗದದ ಪೊಟ್ಟಣ ಮಾಡಿದರೆ ಎಣ್ಣೆ ಕುಡಿದು ಹರಿಯಿತು. ಮುತ್ತುಗದ ಎಲೆಯಲ್ಲಿ ಕಟ್ಟಿದರೆ ತರೀಕೆರೆಯ ಥಂಡಿಗೆ ಕೋಡುಬಳೆ ಮೆತ್ತಗಾಯಿತು. ಆಮೇಲೆ ತರೀಕೆರೆಯ ಕಡೆಯಿಂದ ಅಡಿಕೆ ಹಾಳೆ ತರಿಸಿ, ಬಾನಿಯಲ್ಲಿ ನೆನೆಸಿ, ಮಡಿಸಿ, ಬಾಳೆನಾರಿನಲ್ಲಿ ಕಟ್ಟಿ ಡಬ್ಬಿ ಮಾಡಿದರು. ಅದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಳಿಸಿದ ಮಾಲೆಲ್ಲ ವಾಪಸ್ ಬಂತು. ಅವತ್ತು ಅವರು ಅತ್ತರು, ಬೈದರು, ಮಾರನೇ ದಿನ ಮತ್ತೆ ಹಾಳೆ ನೆನೆಹಾಕಿದರು. ಮಳೆಗೆ ಮೊದಲೇ ಒಣಗಿಸಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬರುವುದಿಲ್ಲ, ಒಳಗೆ ಬೆಣ್ಣೆ ಕಾಗದ ಹಾಸಿದರೆ ಎಣ್ಣೆ ಇಳಿಯುವುದಿಲ್ಲ ಎಂದು ಕೆಡಿಸಿ ಕೆಡಿಸಿಯೇ ಕಲಿತರು. ಹತ್ತಿರದ ಅಂಗಡಿಗಳಿಗೆ ಹಳೆಯ ತಗಡಿನ ಡಬ್ಬವೇ ಹೋಯಿತು. ಅಜ್ಜಂಪುರದವರು ಒಪ್ಪಿದರು. ತರೀಕೆರೆಯ ಬೇಕರಿಗಳು ಒಂದೊಂದಾಗಿ ಕೈಬಿಟ್ಟವು. ವ್ಯಾಪಾರ ಇಳಿಯಿತು, ಅವರು ಬಗ್ಗಲಿಲ್ಲ.

ನನಗೆ ಈ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದು ಆಮೇಲೆ. ಮದುವೆಯಾಗಿ ಕಡೂರು ಸೇರಿದ್ದೆ. ಅಮ್ಮನ ಮನೆಗೆ ಬಂದಾಗಲೆಲ್ಲ ದೊಡ್ಡಮ್ಮನ ಮೊದಲ ಮಾತು ಒಂದೇ. "ನಿಮ್ ಕಂಪ್ನೀದು ಏನಾಯ್ತೇ?" ನಾನು ಮೇಲಿನವರಿಗೆ ಹೇಳುತ್ತಲೇ ಇದ್ದೆ. ಅವರು ನೋಡೋಣ ಎನ್ನುತ್ತಲೇ ಇದ್ದರು. ಅದನ್ನೇ ಬಂದು ಹೇಳಿದರೆ, "ನೋಡ್ಲಿ, ನೋಡ್ಲಿ. ಕಣ್ಣಿದ್ರಲ್ವಾ," ಎನ್ನುತ್ತಿದ್ದರು.

ಅವರ ತಮ್ಮನ ಮಗ ದೇವನೂರಿನಲ್ಲಿದ್ದ. ದೊಡ್ಡಮ್ಮ ಕೊಟ್ಟಿಗೆ ಗುಡಿಸುವುದರ ಅರ್ಥ ಅವನಿಗೂ ಗೊತ್ತಾಗಿರಬೇಕು. ಒಂದು ಭಾನುವಾರ ಕೇಳದೆ ಹೇಳದೆ ಇನ್ನೂ ಕರು ಹಾಕದ ಕೆಂಪು ಕಡಸೊಂದನ್ನು ಟೆಂಪೋದಲ್ಲಿ ತಂದು ಬೀದಿಯ ತಿರುವಿನಲ್ಲಿ ಇಳಿಸಿದ. ನಾನೂ ಅವತ್ತು ಅಲ್ಲೇ ಇದ್ದೆ. ದೊಡ್ಡಮ್ಮ ಬಾಗಿಲಿನಿಂದ ನೋಡಿದವರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಹಗ್ಗ ತಾವೇ ಹಿಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ಎಷ್ಟೋ ವರ್ಷಗಳ ಮೇಲೆ ನೋಡಿದ್ದು. ಬೀದಿಯ ಹೆಂಗಸರೆಲ್ಲ ಹೊರಗೆ ಬಂದರು. ನಮ್ಮಮ್ಮ ಅರಿಶಿನ ಕುಂಕುಮ ತರಲು ಒಳಗೆ ಹೋದಳು.

ಮನೆಯ ಹತ್ತಿರ ಬರುತ್ತಿದ್ದಾಗ ಕಡಸು ಚರಂಡಿಯ ಕಡೆ ಕತ್ತು ಹಾಕಿತು. ತಲೆ ಎತ್ತಿದಾಗ ಬಾಯಲ್ಲಿ ಒಂದು ಕವರು ಇತ್ತು. ದೊಡ್ಡಮ್ಮ ಕೈ ಹಾಕಿ ಎಳೆದು ತೆಗೆದರು. ಬಿಡಿಸಿ ನೋಡಿದರು. ನಾನೂ ನೋಡಿದೆ. ನಮ್ಮ ಕಂಪನಿಯದು.

ಅವರು ನನಗೆ ಒಂದು ಮಾತು ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಕಡಸಿನ ಹಣೆಯನ್ನು ಸವರಿದರು, ಕತ್ತಿನ ಕೆಳಗಿನ ಜೋಲು ತೊಗಲನ್ನು ಸವರಿದರು, ಹಗ್ಗವನ್ನು ತಮ್ಮನ ಮಗನ ಕೈಗಿಟ್ಟರು. "ವಾಪಸ್ ಕರ್ಕೊಂಡೋಗಪ್ಪ. ಅಲ್ಲೇ ಹೊಲದಲ್ಲಿ ಮೇಯ್ಕೊಂಡು ಚೆನ್ನಾಗಿರ್ಲಿ." ಕುಂಕುಮದ ತಟ್ಟೆ ಹಿಡಿದು ಬಂದ ಅಮ್ಮ ಅಲ್ಲೇ ನಿಂತುಬಿಟ್ಟಳು. ಟೆಂಪೋ ಹೋದ ಮೇಲೂ ದೊಡ್ಡಮ್ಮ ಬೀದಿಯಲ್ಲೇ ನಿಂತಿದ್ದರು... ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ವರ್ಷದ ಚಳಿಯಲ್ಲಿ ಅವರಿಗೆ ಉಬ್ಬಸ ಹೆಚ್ಚಾಯಿತು. ಕಡೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಗಂಜಿ ತೆಗೆದುಕೊಂಡು ಹೋದರೆ ಒಂದು ಚಮಚ ಕುಡಿದು ಸಾಕು ಎಂದರು. ಉಸಿರು ಎಳೆದು ಎಳೆದು, "ಕೊಟ್ಟಿಗೆ ಗುಡ್ಸಿದ್ರೇನೇ ಯಾರಾದ್ರೂ?" ಎಂದು ಕೇಳಿದರು. ಅಮ್ಮ ದಿನಾ ಗುಡಿಸುತ್ತಾಳೆ ಎಂದೆ. ಕಣ್ಣು ಮುಚ್ಚಿಕೊಂಡರು. ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು.

ಮೊನ್ನೆಯ ಮೀಟಿಂಗಿಗೆ ಮುಖ ತೊಳೆದುಕೊಂಡು ವಾಪಸ್ ಹೋದೆ. ಹಾಳೆಗೆ ಬೂಷ್ಟು ಬಂದರೆ ಏನು ಮಾಡುವುದು ಎಂದು ಕೇಳಿದರು, ಮಳೆಗೆ ಮೊದಲೇ ಕೊಂಡು ಒಣಗಿಸಿ ಇಡೋಣ ಎಂದೆ. ಎಣ್ಣೆಗೆ ಏನು ಎಂದರು, ಒಳಗೆ ಬೆಣ್ಣೆ ಕಾಗದ ಎಂದೆ. ದೂರದ ಊರುಗಳಿಗೆ ತಡೆಯುವುದಿಲ್ಲವಲ್ಲ ಎಂದರು. ಮೊದಲು ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಕ್ಕೆ ಕಳಿಸೋಣ, ಇಲ್ಲಿಯ ಅಂಗಡಿಗಳಿಗೆ ತುಂಬಿಸಿಕೊಡುವ ತಗಡಿನ ಡಬ್ಬ ಇಡೋಣ, ಕೆಟ್ಟರೆ ಕಣ್ಣೆದುರೇ ಕೆಡುತ್ತದೆ, ತಿದ್ದಿಕೊಂಡು ಮುಂದೆ ಹೋಗೋಣ ಎಂದೆ. ಆಮೇಲೆ ಸಾಹೇಬರು ಒಪ್ಪಿಗೆ ಕೊಟ್ಟರು. ಈ ನಾಲ್ಕೂ ಊರುಗಳಿಗೆ ಇನ್ನು ನಮ್ಮ ಕವರು ಹೋಗುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು.

ಸಂಜೆ ಬಸ್ಸು ಹತ್ತಿ ಬೀರೂರಿಗೆ ಹೋದೆ. ಕೈಯಲ್ಲಿ ಸ್ಯಾಂಪಲ್ ಡಬ್ಬಿ. ಬೀದಿ ಈಗ ಬದಲಾಗಿದೆ. ಚರಂಡಿಗೆ ಚಪ್ಪಡಿ ಹಾಕಿದ್ದಾರೆ, ಕಸದ ಗಾಡಿ ದಿನಾ ಬರುತ್ತದೆ. ಹಸು ಕಟ್ಟುವವರು ಒಬ್ಬರೂ ಉಳಿದಿಲ್ಲ. ದೊಡ್ಡಮ್ಮನ ಕೊಟ್ಟಿಗೆಯಲ್ಲಿ ಬೈಕು ನಿಲ್ಲಿಸಿದ್ದಾರೆ. ಕಾಲು ತಾನಾಗಿ ಆ ಬಾಗಿಲಿಗೇ ಹೋಯಿತು. ಹೊಸದಾಗಿ ಬಾಡಿಗೆಗೆ ಬಂದಿರುವ ಹೆಂಗಸು ಹೊರಗೆ ಬಂದು, "ಯಾರ್ ಬೇಕಿತ್ತು ಕಣಕ್ಕ?" ಎಂದರು.

ದೊಡ್ಡಮ್ಮ ಬೇಕಿತ್ತು. ನಿಮ್ ಕಂಪ್ನೀದು ಏನಾಯ್ತೇ ಎಂದು ಅವರು ಕೇಳಬೇಕಿತ್ತು, ಆಯ್ತು ದೊಡ್ಡಮ್ಮ ಎಂದು ನಾನು ಹೇಳಬೇಕಿತ್ತು. ದೇವನೂರಿಗೆ ಫೋನ್ ಮಾಡಿ ಒಂದು ಕಡಸು ತರಿಸಬೇಕಿತ್ತು.

"ಯಾರೂ ಇಲ್ಲ," ಎಂದೆ. "ಎದುರುಮನೆಯವಳು ನಾನು." ಹೇಳಿ, ರಸ್ತೆ ದಾಟಿ ಅಮ್ಮನ ಮನೆಗೆ ಬಂದೆ.