ಕಸ್ತೂರಿಯ ಮೂರನೇ ಸರ್ವ್

2023ರಲ್ಲಿ ನಾನು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಒಂದೇ ವರ್ಷ ಬಾಕಿಯಿತ್ತು. ದೈಹಿಕ ಶಿಕ್ಷಣ ಶಿಕ್ಷಕ ಎಂಬುದು ಸರ್ಕಾರಿ ಆದೇಶದಲ್ಲಿರುವ ಹೆಸರು. ಸ್ಟಾಫ್ ರೂಮಿನಲ್ಲಿ ನಾವು ಸೀಟಿ ಮಾಸ್ತರರು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಅತಿಥಿಗಳು ಬಂದರೆ ಕುರ್ಚಿ ಹಾಕಿಸುವುದು, ಗಣಿತದ ಮೇಷ್ಟ್ರು ನನ್ನ ಪಿರಿಯಡ್ ಕೇಳಿದರೆ ತುಟಿಪಿಟಕ್ಕೆನ್ನದೆ ಬಿಟ್ಟುಕೊಡುವುದು. ಮೂವತ್ತು ವರ್ಷ ಇದನ್ನು ನುಂಗಿಕೊಂಡಿದ್ದೆ. ನನಗೂ ಒಂದು ವಿದ್ಯೆ ಗೊತ್ತಿದೆ ಎಂದು ತೋರಿಸಲು ನನ್ನ ಬಳಿ ಇದ್ದದ್ದು ಬಾಲ್ ಬ್ಯಾಡ್ಮಿಂಟನ್ ಒಂದೇ.

ಈ ಆಟ ನೋಡದವರಿಗೆ ಎರಡು ಮಾತು. ಮಣ್ಣಿನ ಅಂಕಣ, ಒಂದೊಂದು ಕಡೆ ಐದು ಜನ, ಹಳದಿ ಉಣ್ಣೆಯ ಚೆಂಡು. ಸರ್ವ್ ಮಾಡುವಾಗ ಚೆಂಡನ್ನು ಸೊಂಟದ ಕೆಳಗಿನಿಂದಲೇ ಹೊಡೆದು ಎದುರಿನ ಅಂಕಣದ ಓರೆಭಾಗಕ್ಕೆ ಕಳಿಸಬೇಕು. ನಾನು ಮೂರು ಸರ್ವ್ ಕಲಿಸುತ್ತಿದ್ದೆ. ಎತ್ತರಕ್ಕೆ ಹೋಗಿ ಹಿಂದಿನ ಗೆರೆಯ ಬಳಿ ಬೀಳುವುದು ಮೊದಲನೆಯದು. ನೆಟ್ ದಾಟಿದ ಕೂಡಲೇ ಇಳಿಯುವ ಗಿಡ್ಡ ಸರ್ವ್ ಎರಡನೆಯದು. ಎದುರಿನವರ ಎದೆಗೇ ನೇರವಾಗಿ ನುಗ್ಗುವ ಚಪ್ಪಟೆ ಸರ್ವ್ ಮೂರನೆಯದು. ಎದುರಾಳಿಯ ಪಾದ ನೋಡಿ ಸರ್ವ್ ಆರಿಸಬೇಕು, ಒಂದನ್ನೇ ಮೂರು ಸಲ ಹಾಕಬಾರದು, ಮತ್ತು ಮೂರಕ್ಕೂ ಕೈ ಒಂದೇ ರೀತಿ ಬೀಸಬೇಕು. ಯಾವುದು ಬರುತ್ತದೆಂದು ಚೆಂಡು ಬ್ಯಾಟ್ ಬಿಡುವವರೆಗೆ ಗೊತ್ತಾಗಬಾರದು.

ಇದನ್ನು ನನ್ನಿಂದ ಪೂರ್ತಿ ಕಲಿತವಳು ಒಬ್ಬಳೇ. ಬೈಲಹೊಂಗಲಕ್ಕೆ ಬರುವ ಮೊದಲು ನಾನು ಮನೋಳಿ ಸಮೀಪದ ಹಳ್ಳಿಯ ಶಾಲೆಯಲ್ಲಿದ್ದೆ. ಕಸ್ತೂರಿ ಆ ಶಾಲೆಯ ಹುಡುಗಿ. ಅವಳ ತಾಯಿ ಅಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಎಂಟನೇ ತರಗತಿಯಿಂದ ಎರಡು ವರ್ಷ ಅವಳು ದಿನವೂ ಅಡುಗೆಕೋಣೆಯ ಗೋಡೆಗೆ ಸರ್ವ್ ಹೊಡೆದು, ಸುಣ್ಣ ಉದುರಿಸಿ, ತಾಯಿಯಿಂದ ಬೈಸಿಕೊಂಡಳು. ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ಅವಳಲ್ಲಿ ಒಂದು ದೋಷ ಕಂಡೆ. ಮೂರನೇ ಸರ್ವ್‌ಗೆ ಮುಂಚೆ ಮಾತ್ರ ಚೆಂಡನ್ನು ತೊಡೆಗೆ ಒತ್ತಿ ಒಮ್ಮೆ ಉಜ್ಜುತ್ತಿದ್ದಳು. ಉಣ್ಣೆಯ ಎಳೆ ಕೂತರೆ ಚೆಂಡು ವೇಗವಾಗಿ ಹೋಗುತ್ತದೆಂದು ಹಳೆಯ ಆಟಗಾರರು ನಂಬುತ್ತಾರೆ. ಆದರೆ ಅದನ್ನು ಗಮನಿಸಿದವರಿಗೆ ಅವಳ ಗುಟ್ಟೆಲ್ಲ ರಟ್ಟು. ನಾಳೆ ಹೇಳೋಣ, ನಾಡಿದ್ದು ತಿದ್ದೋಣ ಎಂದುಕೊಂಡೆ. ಅಷ್ಟರಲ್ಲಿ ನಾನೇ ಕೇಳಿಕೊಂಡಿದ್ದ ವರ್ಗಾವಣೆ ಬಂತು. ಮಕ್ಕಳು ಶಾಲು ಹೊದಿಸಿದರು, ನಾನು ಅರ್ಧ ಗಂಟೆ ಭಾಷಣ ಬಿಗಿದೆ. ಹೇಳಬೇಕಾಗಿದ್ದ ಒಂದು ಮಾತು ಮರೆತೆ.

ಆ ವರ್ಷದ ಜಿಲ್ಲಾ ಕೂಟ ಕಿತ್ತೂರಿನಲ್ಲಿ ನಡೆಯಿತು. ರಾಮದುರ್ಗದ ತಂಡವನ್ನು ಸೋಲಿಸಿ ನಮ್ಮ ಹುಡುಗಿಯರು ಫೈನಲ್ ತಲುಪಿದರು. ಎದುರಿಗೆ ನನ್ನ ಹಳೆಯ ಶಾಲೆ. ಪಂದ್ಯಕ್ಕೆ ಮೊದಲು ಕಸ್ತೂರಿ ಓಡಿಬಂದು ಕಾಲಿಗೆ ನಮಸ್ಕರಿಸಿದಳು.

"ಸರ್, ಗೆದ್ರ ವಿಭಾಗ ಮಟ್ಟಕ್ಕ ಹೊಕ್ಕೇವ್ರಿ. ಅಲ್ಲೆ ಕ್ರೀಡಾ ಹಾಸ್ಟೆಲಿಗೆ ಆರಿಸ್ತಾರಂತ. ಹಾಸ್ಟೆಲ್ ಸಿಕ್ರ ಕಾಲೇಜ್ ಓದು, ಇಲ್ಲಂದ್ರ ಹೊಲಿಗಿ ಕಲಿ ಅಂದಾಳ್ರಿ ಅವ್ವ."

"ಚಲೋ ಆಡವ್ವ" ಎಂದೆ. ಆ ಕ್ಷಣ ಮನಸಾರೆಯೇ ಹೇಳಿದ್ದೆ.

ಮೊದಲ ಗೇಮ್ ಅವರು ಗೆದ್ದರು, ಎರಡನೆಯದು ನಾವು. ಕಸ್ತೂರಿಯ ಕೈಗೆ ಸರ್ವ್ ಬಂದಾಗಲೆಲ್ಲ ನಮ್ಮವರು ತಡಬಡಾಯಿಸುತ್ತಿದ್ದರು. ಬಿಡುವಿನಲ್ಲಿ ನಮ್ಮ ಹೆಡ್ ಮಾಸ್ತರರು ನನ್ನ ಪಕ್ಕಕ್ಕೆ ಬಂದು, "ಏನ್ರಿ, ಆಕಿಗೆ ಕಲಿಸಿದವ್ರು ನೀವಂತ? ಹಂಗಾದ್ರ ನಮ್ಮ ಹುಡಿಗ್ಯಾರಿಗೆ ಏನ್ ಕಲಿಸಿದ್ರಿ?" ಎಂದರು. ಹತ್ತಾರು ಜನರ ಎದುರು. ನನ್ನ ಮೈಯೆಲ್ಲ ಉರಿಯಿತು. ನಮ್ಮ ಕ್ಯಾಪ್ಟನ್ ಅಶ್ವಿನಿಯನ್ನು ಕರೆದೆ.

"ಆಕಿ ಚೆಂಡ ತೊಡಿಗೆ ಒತ್ತಿದ್ಲಂದ್ರ ಹಿಂದ ಸರದು ಬ್ಯಾಟ್ ಎದಿಗೆ ಹಿಡಿ. ಒತ್ತಲಿಲ್ಲಂದ್ರ ಮುಂದ ಬಂದು ನಿಲ್ಲು, ಎತ್ತರದ್ದು ಬಂದ್ರ ಹಿಂದ ಓಡಾಕ ಟೈಮ್ ಸಿಗತೈತಿ. ಎಲ್ಲಾರಿಗೂ ಹೇಳು."

"ನಿಮಗ ಹೆಂಗ ಗೊತ್ತ್ರಿ ಸರ್?"

"ಹೇಳಿದಷ್ಟು ಮಾಡು."

ಮೂರನೇ ಗೇಮ್‌ನಲ್ಲಿ ನಡೆದದ್ದನ್ನು ನೋಡಲು ನನಗೇ ಆಗಲಿಲ್ಲ. ಅವಳು ಚಪ್ಪಟೆ ಸರ್ವ್ ಹಾಕಿದರೆ ಬ್ಯಾಟ್ ಮೊದಲೇ ಕಾದಿರುತ್ತಿತ್ತು. ಗಿಡ್ಡ ಸರ್ವ್ ಹಾಕಿದರೆ ನಮ್ಮವಳು ನೆಟ್ ಹತ್ತಿರವೇ ಇರುತ್ತಿದ್ದಳು. ಕಸ್ತೂರಿ ದಡ್ಡಿಯಲ್ಲ. ಕ್ರಮ ಬದಲಿಸಿದಳು, ನಿಲ್ಲುವ ಜಾಗ ಬದಲಿಸಿದಳು, ಪಾದ ನೋಡಿ ಆರಿಸಿದಳು. ನಾನು ಹೇಳಿಕೊಟ್ಟ ಒಂದೊಂದನ್ನೂ ಚಾಚೂ ತಪ್ಪದೆ ಮಾಡಿದಳು. 35 ಪಾಯಿಂಟ್‌ನ ಗೇಮ್ 32–32 ಆದಾಗ ಕೊನೆಯ ಬಾರಿ ಸರ್ವ್ ಅವಳ ಕೈಗೆ ಬಂತು. ಅಷ್ಟರಲ್ಲಿ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗಿತ್ತು. ಹೆದರಿ ಎತ್ತರದ ಸರ್ವ್ ಹಾಕಿದಳು, ಅದೂ ಗೆರೆ ಮುಟ್ಟದೆ ನಡುವೆಯೇ ಇಳಿಯಿತು. ಅಶ್ವಿನಿ ಅದನ್ನು ಹೊಡೆದುಹಾಕಿದಳು. ಮುಂದಿನ ಪಾಯಿಂಟ್‌ಗಳೂ ನಮಗೇ ಬಂದವು. ಹೆಡ್ ಮಾಸ್ತರರು ನನ್ನ ಬೆನ್ನು ತಟ್ಟಿದರು.

ಕಪ್ ಹಿಡಿದು ಫೋಟೋ ತೆಗೆಸಿಕೊಂಡು ತಿರುಗಿದರೆ ಕಸ್ತೂರಿ ನಿಂತಿದ್ದಳು. ಅತ್ತಿದ್ದು ಕಾಣುತ್ತಿತ್ತು.

"ಸರ್, ಇವತ್ತ ನನ್ನ ಸರ್ವ್ ಯಾಕ ಕೆಟ್ಟಿತ್ರಿ? ಎಲ್ಲಿ ತಪ್ಪಿದ್ನಿ, ಹೇಳ್ರಿ."

ಎದುರಾಳಿ ತಂಡದ ಮಾಸ್ತರನನ್ನು ಅವಳು ಕೇಳುತ್ತಿರಲಿಲ್ಲ, ತನ್ನ ಸರ್‌ನನ್ನು ಕೇಳುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು.

"ಗಾಳಿ ಭಾಳ ಇತ್ತವ್ವ" ಎಂದೆ. ಅಂದು ಕಿತ್ತೂರಿನಲ್ಲಿ ಒಂದು ಎಲೆ ಅಲುಗಿರಲಿಲ್ಲ.

ನಾವು ವಿಭಾಗ ಮಟ್ಟದ ಮೊದಲ ಪಂದ್ಯದಲ್ಲೇ ಸೋತು ಬಂದೆವು. ಮರುವರ್ಷ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ಆ ಕಪ್ ಬಗ್ಗೆಯೇ ಮಾತಾಡಿದರು. ನನಗೆ ತಲೆ ಎತ್ತಲಾಗಲಿಲ್ಲ, ವಿನಯ ಎಂದುಕೊಂಡರು.

ಕಳೆದ ವರ್ಷ ಸವದತ್ತಿಯಲ್ಲಿ ಒಂದು ಹೊಲಿಗೆ ಅಂಗಡಿಯ ಮುಂದೆ ಹೋಗುವಾಗ "ಸರ್" ಎಂಬ ಕೂಗು ಕೇಳಿತು. ಮಷಿನ್ ಮುಂದಿನಿಂದ ಕಸ್ತೂರಿ ಎದ್ದು ಬಂದಳು. ಚಹಾ ತರಿಸಿದಳು. ಎಲ್ಲವನ್ನೂ ಹೇಳಿಬಿಟ್ಟೆ: ನಿನ್ನ ದೋಷ ನನಗೆ ಮೊದಲೇ ಗೊತ್ತಿತ್ತು, ತಿದ್ದಲಿಲ್ಲ, ಅದನ್ನೇ ಹೇಳಿಕೊಟ್ಟು ನಿನ್ನನ್ನು ಸೋಲಿಸಿದೆ ಎಂದೆ. ಬೈಯಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಷಿನ್ ಮೇಲೆ ಇಟ್ಟಳು.

"ತೊಡಿಗೆ ಒತ್ತೂದು ತಪ್ಪೇನ್ರಿ ಸರ್?" ಎಂದಳು. "ನೀವ ಹಂಗ ಮಾಡತಿದ್ರಲ್ರಿ. ಮೂರನೇದು ತೋರಿಸುವಾಗ ಪ್ರತಿ ಸಲ ಒತ್ತತಿದ್ರಿ. ಅದೂ ಸರ್ವ್‌ದಾಗ ಒಂದು ಅಂತ ತಿಳಕೊಂಡಿದ್ನಿ."

ಮನೆಗೆ ಬಂದು ಹಳೆಯ ಬ್ಯಾಟ್ ಹುಡುಕಿ ಹಿತ್ತಲ ಗೋಡೆಗೆ ಮೂರನೇ ಸರ್ವ್ ಹೊಡೆಯಲು ನಿಂತೆ. ಕೈ ತಾನಾಗಿಯೇ ತೊಡೆಗೆ ಹೋಯಿತು. ನನ್ನ ಕಣ್ಣು ಬಹಳ ಚುರುಕು ಎಂದು ಮೂವತ್ತು ವರ್ಷ ಬೀಗಿದ್ದೆ. ನೂರಾರು ಮಕ್ಕಳ ಕೈ ನೋಡಿದೆ, ನನ್ನ ಕೈ ನೋಡಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ನಿವೃತ್ತನಾದ ಮೇಲೆ: ನಾವು ಹೇಳಿದ್ದನ್ನಲ್ಲ, ಮಾಡಿದ್ದನ್ನು ಮಕ್ಕಳು ಕಲಿಯುತ್ತಾರೆ. ಕಸ್ತೂರಿ ನನ್ನನ್ನು ಪೂರ್ತಿ ಕಲಿತಿದ್ದಳು, ಅದಕ್ಕೇ ಸೋತಳು.