ಕಾರಿನ ಹಗ್ಗ

ಐವತ್ತರ ದಶಕದ ಕೊನೆಗೆ ಶಿಕಾರಿಪುರದಲ್ಲಿ ಡಾಕ್ಟರಾಗಿದ್ದ ನಾನು, ಹಳ್ಳಿಗಳ ಹೆರಿಗೆಗೆ ಹೋಗಿಬರಲು ಸೊರಬದ ಜವಳಿ ಸಾಹುಕಾರರೊಬ್ಬರ ಹಳೇ ಕಾರು ಕೊಂಡೆ. ರಿಪೇರಿಯ ಚೀಟಿ ಒಂದೂ ಇರಲಿಲ್ಲ.

"ಎತ್ತಿಗೆ ಯಾರಾದ್ರೂ ಚೀಟಿ ಇಡ್ತಾರೇನ್ರೀ? ಭಾಳ ಸಾಧು ರೀ ಇದು," ಎಂದು ಅವರು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಿದರು. ಎಂಜಿನ್ ಎದ್ದಿತು, ನಾನು ಹೊರಟೆ.

ಮರುದಿನ ತೊಗರ್ಸಿಯಿಂದ ಹೆರಿಗೆಗೆ ಕರೆ ಬಂತು. ಕಾರಿನಲ್ಲಿ ಹ್ಯಾಂಡಲ್ಲೇ ಇಲ್ಲ! ಎತ್ತಿನ ಗಾಡಿಯಲ್ಲಿ ಹೋದೆ. ಪುಣ್ಯಕ್ಕೆ ತಾಯಿ, ಮಗು ಉಳಿದರು.

ಸಿಟ್ಟಿನಿಂದ ಸೊರಬಕ್ಕೆ ಹೋದರೆ, ಹ್ಯಾಂಡಲ್ ಅವರ ಮನೆಯ ಗೋಡೆಯಲ್ಲಿ, ಮಾರಿದ ಎತ್ತುಗಳ ಹಗ್ಗಗಳ ಪಕ್ಕ ತೂಗುತ್ತಿತ್ತು.

"ಮಾರಿದ್ರೂ ಹಗ್ಗ ಮನೇಲೇ ಇರ್ಬೇಕಲ್ರೀ. ಕೊಟ್ರೆ ಕೊಟ್ಟಿಗೆ ಬರಿದಾಗ್ತದೆ."

"ಹಗ್ಗ ಇಲ್ದೆ ಈ ಎತ್ತು ಏಳೋದೇ ಇಲ್ಲ, ಸಾಹುಕಾರ್ರೇ!"

ಅವರು ಪೆಚ್ಚಾದರು. ಹ್ಯಾಂಡಲ್ ಹಿಡಿದು ನನ್ನೊಂದಿಗೇ ಬಸ್ಸು ಹತ್ತಿದರು. ಶಿಕಾರಿಪುರದಲ್ಲಿ ಕಾರು ಎಬ್ಬಿಸಿ, ಹ್ಯಾಂಡಲ್ ನನ್ನ ಕೈಗಿಟ್ಟರು. "ಭಾಳ ಸಾಧು ರೀ," ಎನ್ನುತ್ತಲೇ ಹಾರನ್ನಿನ ರಬ್ಬರ್ ಬುರುಡೆಯನ್ನು ಮೆಲ್ಲಗೆ ಬಿಚ್ಚಿ ಟವಲ್ಲಿನಲ್ಲಿ ಸುತ್ತಿಕೊಂಡರು.

"ಕೊರಳಿನ ಗಂಟೆನಾದ್ರೂ ನಮ್ಮನೇಲಿರ್ಲಿ."

ಆ ಕಾರು ನನ್ನಲ್ಲಿದ್ದಷ್ಟು ಕಾಲವೂ ಕಿಟಕಿಯಿಂದ ತಲೆ ಹೊರಹಾಕಿ, "ಹೋಯ್, ಹೋಯ್" ಎಂದು ಕೂಗುತ್ತಲೇ ಓಡಿಸಿದೆ.